ನೀರಿಲ್ಲದ ಊರಿಗೆ ಹೋಗಿ ಫ್ಲಶ್ ಕೇಳಬೇಡಿ

ಜೂನ್ ಹತ್ತಿರ ಬಂದರೆ ಹಿಮಾಲಯದ ಸ್ಪಿತಿ ಕಣಿವೆಯ ಬಗ್ಗೆ ಕೇಳಿಕೊಂಡು ಫೋನ್ ಮಾಡುವ ಗೆಳೆಯರು ಜಾಸ್ತಿಯಾಗುತ್ತಾರೆ. ಲಾಂಗ್ಜಾ, ಹಿಕ್ಕಿಂ, ಕೋಮಿಕ್, ಕಿಬ್ಬರ್ ಎಂಬ ಅಲ್ಲಿನ ಊರುಗಳ ಹೆಸರುಗಳೆಲ್ಲ ಈಗ ಎಲ್ಲರಿಗೂ ಬಾಯಿಪಾಠ. ರಸ್ತೆ ಹೇಗಿದೆ, ಚಳಿ ಎಷ್ಟಿರುತ್ತೆ ಅಂತ ಕೇಳಿ ಮುಗಿದ ಮೇಲೆ ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಟ್ಯಾಚ್ಡ್ ಬಾತ್‌ರೂಮ್, ವೆಸ್ಟರ್ನ್ ಟಾಯ್ಲೆಟ್ ಇರೋ ಹೋಮ್‌ಸ್ಟೇ ಸಿಗುತ್ತಾ?"

ಈಗೀಗ ಸಿಗುತ್ತದೆ. ಆದರೆ ದಯವಿಟ್ಟು ಕೇಳಬೇಡಿ. ಯಾಕೆ ಅನ್ನುವುದನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಪಿತಿ ಇರುವುದು ಹಿಮಾಚಲ ಪ್ರದೇಶದ ಈಶಾನ್ಯದ ಮೂಲೆಯಲ್ಲಿ, ಟಿಬೆಟ್ ಗಡಿಗೆ ಅಂಟಿಕೊಂಡು. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ 1,930 ಮೀಟರ್. ಲಾಂಗ್ಜಾ ಊರು ಅದರ ಎರಡು ಪಟ್ಟಿಗಿಂತಲೂ ಮೇಲೆ, ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಹಿಕ್ಕಿಂನ ಅಂಚೆ ಕಚೇರಿ 1983ರಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಕೆಲಸ ಮಾಡುತ್ತಿದೆ. ಕೋಮಿಕ್ ಇನ್ನೂ ಮೇಲೆ. ದೊಡ್ಡ ಬೆಟ್ಟಗಳ ಆಚೆ ಬದಿಯಲ್ಲಿರುವುದರಿಂದ ಮುಂಗಾರಿನ ಮಳೆ ಇಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ಬಂದರೆ ಅದೇ ಕುಡಿಯಲು, ಅದೇ ಹೊಲಕ್ಕೆ. ಆ ನೀರನ್ನು 'ಕೂಲ್' ಎಂಬ ಸಣ್ಣ ಕಾಲುವೆಯಲ್ಲಿ ದೂರದಿಂದ ತಿರುಗಿಸಿ ತರುತ್ತಾರೆ. ಯಾರ ಹೊಲಕ್ಕೆ ಯಾವಾಗ ನೀರು ಅನ್ನುವುದಕ್ಕೆ ಸರದಿ ಇದೆ. ಹಿಮ ಕಡಿಮೆ ಬಿದ್ದ ವರ್ಷ ಬಿತ್ತಿದ್ದೂ ಒಣಗುತ್ತದೆ.

ಇಂಥ ಊರಿನಲ್ಲಿ ಜನ ಶತಮಾನಗಳಿಂದ ಬದುಕಿದ್ದಾರೆ. ಹೇಗೆ ಅನ್ನುವುದಕ್ಕೆ ಅರ್ಧ ಉತ್ತರ ಅವರ ಕಕ್ಕಸಿನಲ್ಲೇ ಇದೆ ಅಂದರೆ ಕೆಲವರಿಗೆ ಮುಜುಗರ ಆಗಬಹುದು. ಆದರೂ ವಿವರವಾಗಿ ಹೇಳುತ್ತೇನೆ.

ಸ್ಪಿತಿಯ ಹಳೆಯ ಮನೆಗಳು ದಪ್ಪ ಮಣ್ಣಿನ ಗೋಡೆಯವು. ಮೇಲೆ ತೊಲೆ, ಅದರ ಮೇಲೆ ಕಡ್ಡಿಗಳ ಹಾಸು, ಅದರ ಮೇಲೆ ಮಣ್ಣು. ನಮ್ಮ ಬಯಲುಸೀಮೆಯ ಮಾಳಿಗೆ ಮನೆ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಮನೆಯ ಒಂದು ಬದಿಯಲ್ಲಿ ಮೇಲಂತಸ್ತಿನಲ್ಲಿ ಪುಟ್ಟ ಕೋಣೆ. ನೆಲದಲ್ಲಿ ಒಂದು ಕಿಂಡಿ. ಪಕ್ಕದಲ್ಲಿ ಒಣ ಮಣ್ಣು, ಬೂದಿ, ಪುಡಿಯಾದ ಸಗಣಿಯ ರಾಶಿ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಒಂದೆರಡು ಸಲಿಕೆ ಮಣ್ಣು ಕೆಳಗೆ ತಳ್ಳಬೇಕು, ಅಷ್ಟೇ. ಕೆಳಗಿನ ಕೋಣೆ ಮುಚ್ಚಿರುತ್ತದೆ. ಅಲ್ಲಿನ ಗಾಳಿ ಎಷ್ಟು ಒಣ ಅಂದರೆ, ಮಣ್ಣು ಸರಿಯಾಗಿ ಹಾಕಿದ ಕಡೆ ವಾಸನೆಯೂ ಹೆಚ್ಚು ಇರುವುದಿಲ್ಲ. ಕೆಳಗೆ ಬಿದ್ದದ್ದು ತಿಂಗಳುಗಟ್ಟಲೆ ಮಾಗಿ ಗೊಬ್ಬರವಾಗುತ್ತದೆ. ಹಿಮ ಕರಗಿ ಬಿತ್ತನೆ ಹತ್ತಿರ ಬಂದಾಗ ಅದನ್ನು ತೆಗೆದು ಹೊಲಕ್ಕೆ ಹೊರುತ್ತಾರೆ.

ದನ, ಯಾಕ್ ಎಲ್ಲ ಇವೆಯಲ್ಲ, ಅವುಗಳ ಸಗಣಿ ಸಾಲದೇ ಅಂತ ನೀವು ಕೇಳಬಹುದು. ಸಾಲುವುದಿಲ್ಲ. ಅಷ್ಟು ಎತ್ತರದಲ್ಲಿ ಕಾಡಿಲ್ಲ, ಸೌದೆಯೂ ಇಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ರಾತ್ರಿಗಳಿಗೆ ಒಲೆ ಉರಿಸಲು ಒಣಗಿದ ಸಗಣಿ ಬೇಕು. ದನದ ಸಗಣಿಯಲ್ಲಿ ದೊಡ್ಡ ಪಾಲು ಒಲೆಗೆ ಹೋದರೆ ಹೊಲಕ್ಕೆ ಏನು? ಮನುಷ್ಯರ ಗೊಬ್ಬರ. ಅದರಿಂದ ಬಾರ್ಲಿ ಬೆಳೆಯುತ್ತಾರೆ, ಹಸಿರು ಬಟಾಣಿ ಬೆಳೆಯುತ್ತಾರೆ. ಬಯಲು ನಾಡಿನಲ್ಲಿ ಬಟಾಣಿ ಸಿಗದ ಕಾಲಕ್ಕೆ ಇವರ ಬಟಾಣಿ ಮಾರುಕಟ್ಟೆಗೆ ಇಳಿಯುತ್ತದೆ. ವರ್ಷದ ನಗದು ಕಾಸು ಬಹಳಷ್ಟು ಬರುವುದು ಇದರಿಂದಲೇ. ಅಂದರೆ ಆ ಪುಟ್ಟ ಕೋಣೆ ಹೊಲದ ಒಂದು ಭಾಗ.

ಈಗ ನಾವು ಹೋಗಿ ಫ್ಲಶ್ ಕೇಳಿದರೆ ಏನಾಗುತ್ತದೆ ನೋಡಿ. ಒಂದು ಸಲ ಫ್ಲಶ್ ಮಾಡಿದರೆ 6ರಿಂದ 10 ಲೀಟರ್ ನೀರು. ಮನೆಯಲ್ಲಿ ಆರು ಜನ ಅತಿಥಿಗಳಿದ್ದರೆ, ಅವರಿಗೆ ದಿನಕ್ಕೆ ಎಷ್ಟು ಕೊಡ ಬೇಕು ಅಂತ ನೀವೇ ಲೆಕ್ಕ ಹಾಕಿ. ಆ ನೀರನ್ನು ಪೈಪಿನಲ್ಲಿ ತರಬೇಕು. ಚಳಿಗಾಲದಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಬಚ್ಚಲ ನೀರು ಎಲ್ಲಾದರೂ ಸೋರಿದರೆ ಮಣ್ಣಿನ ಗೋಡೆ ನೆನೆದು ಕುಸಿಯುತ್ತದೆ, ಹಾಗಾಗಿ ಬಾತ್‌ರೂಮಿಗೆ ಸಿಮೆಂಟಿನ ಕಟ್ಟಡ ಬೇಕು. ಆ ಸಿಮೆಂಟು ನೂರಾರು ಕಿಲೋಮೀಟರ್ ಲಾರಿಯಲ್ಲಿ ಬರಬೇಕು. ಸಿಮೆಂಟಿನ ಕೋಣೆ ಚಳಿಗೆ ಫ್ರಿಜ್ ಆಗುತ್ತದೆ, ಅದನ್ನು ಬೆಚ್ಚಗಿಡಲು ಇನ್ನಷ್ಟು ಉರುವಲು. ಹೊಲಕ್ಕೆ ಹೋಗಬೇಕಿದ್ದ ಗೊಬ್ಬರ ಗುಂಡಿಗೆ ಇಳಿಯುತ್ತದೆ. ಆ ಚಳಿಯಲ್ಲಿ ಗುಂಡಿಯೊಳಗೆ ಕೊಳೆಯುವ ಕೆಲಸವೂ ನಿಧಾನ. ಗೊಬ್ಬರ ಕಡಿಮೆಯಾದ ಹೊಲಕ್ಕೆ ರಾಸಾಯನಿಕ ಗೊಬ್ಬರದ ಚೀಲ ಬೇಕಾಗುತ್ತದೆ. ಇಷ್ಟೆಲ್ಲ ಆಗುವುದು ನಾವು ಎರಡು ರಾತ್ರಿ ಆರಾಮಾಗಿ ಇರಲಿ ಅಂತ.

ಲಾಂಗ್ಜಾದಲ್ಲಿ ನಾನು ಉಳಿದಿದ್ದ ಮನೆಯಲ್ಲಿ ಅಡುಗೆಮನೆಯೇ ಮನೆಯ ನಡುಮನೆ. ಮಧ್ಯದಲ್ಲಿ ಕಬ್ಬಿಣದ ಒಲೆ, ಸುತ್ತ ತಗ್ಗು ಮಂಚಗಳ ಮೇಲೆ ನಾವೆಲ್ಲ. ಮನೆಯಾಕೆ ತುಕ್ಪಾ ಎಂಬ ನೂಡಲ್ಸ್ ಸೂಪಿಗೆ ಹಿಟ್ಟು ನಾದುತ್ತಿದ್ದರು. ನಾನು ಅವರನ್ನು ಆಮಾ ಅಂತಲೇ ಕರೆಯುತ್ತಿದ್ದೆ, ನಮ್ಮ ಅಮ್ಮನಿಗೆ ಎಷ್ಟು ಹತ್ತಿರದ ಮಾತು! ಹಿಂದಿಯಲ್ಲಿ ಮಾತಾಡುತ್ತಾ ಅವರು ಬೇಸರದಿಂದ ಹೇಳಿದ್ದು ಇಷ್ಟು: ಫೋನ್ ಮಾಡುವವರು ಮೊದಲು ಬಾತ್‌ರೂಮ್ ಕೇಳುತ್ತಾರೆ, ಇಲ್ಲ ಅಂದರೆ ಫೋನ್ ಇಟ್ಟುಬಿಡುತ್ತಾರೆ. ಅದಕ್ಕೆ ಸಾಲ ಮಾಡಿಯಾದರೂ ಒಂದು ಕಟ್ಟಿಸಬೇಕು ಅಂದುಕೊಂಡಿದ್ದೇವೆ. ನೀರು ಎಲ್ಲಿಂದ ತರುತ್ತೀರಿ ಅಂತ ಕೇಳಿದೆ. ಅವರು ಸುಮ್ಮನಾದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಸಾಲ ಹುಟ್ಟುವುದು ನಮ್ಮಂಥವರ ಒಂದು ಫೋನ್ ಕರೆಯಿಂದ ಅಲ್ವಾ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನೀವು ಮಾತ್ರ ಊರಲ್ಲಿ ಕಮೋಡ್ ಬಳಸಬಹುದು, ಅವರು ಮಾತ್ರ ಹಳೆಯ ಕಾಲದಲ್ಲೇ ಇರಬೇಕಾ ಅಂತ. ನ್ಯಾಯವಾದ ಪ್ರಶ್ನೆ. ತಮಗಾಗಿ ಏನು ಕಟ್ಟಿಕೊಳ್ಳಬೇಕು ಅನ್ನುವುದು ಖಂಡಿತ ಅವರ ಇಷ್ಟ. ವಯಸ್ಸಾದವರಿಗೆ, ಬಾಣಂತಿಯರಿಗೆ ಅನುಕೂಲ ಆಗುವಂತೆ ಬದಲಾವಣೆ ಆಗಲೇಬೇಕು. ಆಸ್ಪತ್ರೆ ಬೇಕು, ಒಳ್ಳೆಯ ಶಾಲೆ ಬೇಕು, ರಸ್ತೆ ಬೇಕು. ಆ ಊರು ನಮ್ಮ ಫೋಟೋಕ್ಕಾಗಿ ಬಡವಾಗಿ ಇರಬೇಕು ಅಂತ ನಾನು ಒಪ್ಪುವುದಿಲ್ಲ. ನನ್ನ ತಕರಾರು ಇರುವುದು ಅವರ ಮನೆ ಹೇಗಿರಬೇಕು ಎಂದು ಎರಡು ದಿನದ ಅತಿಥಿ ತೀರ್ಮಾನ ಮಾಡುವುದರ ಬಗ್ಗೆ.

ತಮ್ಮ ತೀರ್ಮಾನ ತಾವು ಮಾಡಲು ಆ ಜನಕ್ಕೆ ಚೆನ್ನಾಗಿ ಗೊತ್ತು. ಹಿಂದೆ ಮನೆ, ಹೊಲ ಎಲ್ಲ ಹಿರಿಮಗನಿಗೆ ಹೋಗುತ್ತಿತ್ತು, ಕಿರಿಯರಲ್ಲಿ ಎಷ್ಟೋ ಜನ ಗೊಂಪಾ ಅಂದರೆ ಬೌದ್ಧ ಮಠ ಸೇರಿ ಲಾಮಾ ಆಗುತ್ತಿದ್ದರು. ಹೊಲ ತುಂಡಾಗುತ್ತಿರಲಿಲ್ಲ, ಇದ್ದ ನೀರಿಗೆ ಮನೆಗಳ ಲೆಕ್ಕ ಮೀರುತ್ತಿರಲಿಲ್ಲ. ಆ ಪದ್ಧತಿಯಲ್ಲಿ ಕಿರಿಯರಿಗೆ ಅನ್ಯಾಯವೂ ಇತ್ತು, ನಿಜ. ಇನ್ನೂ ಹತ್ತಿರದ ಉದಾಹರಣೆ ಕಿಬ್ಬರ್. ಈ ಕಥೆಗೆ ನಮ್ಮ ಮೈಸೂರಿನ ನಂಟೂ ಇದೆ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಚಾರುದತ್ತ ಮಿಶ್ರಾ ಮತ್ತು ಅವರ ಜೊತೆಗಾರರು ಹಿಮಚಿರತೆಯ ಬಗ್ಗೆ ಅಲ್ಲಿ ಕೆಲಸ ಮಾಡಿದರು. ಚಿರತೆ ಕುರಿ, ಮೇಕೆ, ಕರುಗಳನ್ನು ಹಿಡಿದರೆ ಜನ ಸಿಟ್ಟಾಗುವುದು ಸಹಜ. ಊರಿನವರು ಕೂತು ಮಾತಾಡಿ, ಬೆಟ್ಟದ ಒಂದು ಭಾಗದಲ್ಲಿ ತಮ್ಮ ದನ ಮೇಯಿಸದೆ ಬಿಟ್ಟರು. ಅಲ್ಲಿ ಕಾಡುಕುರಿಗಳು ಮೇಯಲಿ, ಚಿರತೆಗೆ ಬೇಟೆ ಸಿಗಲಿ ಅಂತ. ಜಾನುವಾರು ಸತ್ತರೆ ಪರಿಹಾರ ಸಿಗಲು ಊರವರೇ ನಡೆಸುವ ವಿಮೆ ಬಂತು. ಇವತ್ತು ಚಳಿಗಾಲದಲ್ಲಿ ಹಿಮಚಿರತೆ ನೋಡಲು ಬರುವವರಿಗೆ ದಾರಿ ತೋರಿಸುವವರು ಅದೇ ಊರಿನವರು. ಆ ಕಾಲದಲ್ಲಿ ಕಿಬ್ಬರ್‌ನಲ್ಲಿ ನಲ್ಲಿ ನೀರು ಇರುವುದಿಲ್ಲ. ಚಿರತೆಯ ಫೋಟೋಕ್ಕಾಗಿ ಅಷ್ಟು ದೂರ ಬರುವವರು ಒಣ ಕಕ್ಕಸಿಗೆ ತಕರಾರು ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಹೋಗುವ ನಮಗೇಕೆ ಆಗಬಾರದು?

ಹೋಗುವುದಾದರೆ ಹೀಗೆ ಮಾಡಿ. ಮನಾಲಿಯಿಂದ ಒಂದೇ ದಿನಕ್ಕೆ ಕುಂಜುಂ ಪಾಸ್ ಹತ್ತಿ ಸ್ಪಿತಿಯ ಮುಖ್ಯ ಪಟ್ಟಣ ಕಾಜಾ ತಲುಪುವ ಆತುರ ಬೇಡ, ಎತ್ತರದ ತಲೆನೋವು ಹಿಡಿದರೆ ಪ್ರವಾಸವೇ ಹಾಳು. ಶಿಮ್ಲಾ, ಕಿನ್ನೌರ್, ನಾಕೋ, ತಾಬೋ ದಾರಿಯಲ್ಲಿ ನಿಧಾನವಾಗಿ ಏರಿ. ತಾಬೋ ಗೊಂಪಾ ಕ್ರಿ.ಶ. 996ರದ್ದು, ಅಲ್ಲಿನ ಗೋಡೆ ಚಿತ್ರಗಳಿಗೆ ಅರ್ಧ ದಿನವಾದರೂ ಕೊಡಿ. ಲಾಂಗ್ಜಾದ ಮಣ್ಣಿನಲ್ಲಿ ಹಿಮಾಲಯ ಏಳುವ ಮುಂಚೆ ಇಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳ ಪಳೆಯುಳಿಕೆ ಸಿಗುತ್ತವೆ. ಯಾರಾದರೂ ಮಾರಲು ತಂದರೆ ಕೈಯಲ್ಲಿ ಹಿಡಿದು ನೋಡಿ, ಕೊಳ್ಳಬೇಡಿ. ಆ ದುಡ್ಡನ್ನು ಅಲ್ಲಿಯ ಮನೆಯಲ್ಲಿ ಇನ್ನೊಂದು ರಾತ್ರಿ ಉಳಿಯಲು ಖರ್ಚು ಮಾಡಿ.

ಹೋಮ್‌ಸ್ಟೇಗೆ ಫೋನ್ ಮಾಡಿದಾಗ, "ನಿಮ್ಮಲ್ಲಿ ಒಣ ಟಾಯ್ಲೆಟ್ ಇದೆಯಾ? ನಮಗೆ ಅದೇ ಸಾಕು" ಅಂತ ನೀವಾಗಿಯೇ ಹೇಳಿ. ಒಳಗೆ ಪ್ಲಾಸ್ಟಿಕ್, ಪ್ಯಾಡ್, ವೆಟ್ ವೈಪ್ಸ್ ಹಾಕಬೇಡಿ, ಎಲ್ಲ ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತದೆ. ಅವನ್ನು ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ. ನೀರು ಚೆಲ್ಲಿದರೆ ಮಾಗುವುದು ಕೆಡುತ್ತದೆ, ಆದ್ದರಿಂದ ತೊಳೆದುಕೊಳ್ಳಲು ಎಲ್ಲಿ ಹೋಗಬೇಕು ಅಂತ ಮನೆಯವರನ್ನೇ ಕೇಳಿ, ಸಂಕೋಚ ಬೇಡ. ಸ್ನಾನ ಒಂದೆರಡು ದಿನ ಬಿಟ್ಟರೆ ಆ ಚಳಿಯಲ್ಲಿ ಏನೂ ಆಗುವುದಿಲ್ಲ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನು ಕೆಳಗೆ ಕಾಜಾದ ಹೋಟೆಲಿನಲ್ಲಿ ಉಳಿಸಿ. ಅಲ್ಲಿಂದ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಮೂರನ್ನೂ ಹಗಲಿನಲ್ಲೇ ಗಾಡಿಯಲ್ಲಿ ನೋಡಿ ಬರಬಹುದು. ಮಧ್ಯಾಹ್ನದ ಊಟ ಮಾತ್ರ ಮೇಲಿನ ಊರಿನ ಯಾರದಾದರೂ ಮನೆಯಲ್ಲೇ ಮಾಡಿ. ಒಂದು ದಿನ ಮುಂಚೆ ಹೇಳಿಟ್ಟರೆ ಮಾಡಿಕೊಡುತ್ತಾರೆ.