ಮೊದಲು ಓದಬೇಕಾದ್ದು ಇದಲ್ಲ

ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾ ಸರಣಿಯ ಏಳು ಕಾದಂಬರಿಗಳಲ್ಲಿ, ಆ ಮಾಯಾಲೋಕ ಹುಟ್ಟಿದ ಕತೆ ಇರುವುದರಿಂದ ‘ದ ಮೆಜಿಶಿಯನ್ಸ್ ನೆಫ್ಯೂ’ವನ್ನೇ ಮೊದಲು ಓದಿ ಎಂಬ ನಿಮ್ಮ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಲೂಯಿಸ್ ಇದನ್ನು ಪ್ರಕಟಿಸಿದ್ದು 1955ರಲ್ಲಿ, ಆರನೆಯದಾಗಿ. ಮಕ್ಕಳು ಬೀರುವಿನ ಮೂಲಕ ನಾರ್ನಿಯಾ ಸೇರುವ ಕತೆ, ‘ದ ಲಯನ್, ದ ವಿಚ್ ಆ್ಯಂಡ್ ದ ವಾರ್ಡ್‌ರೋಬ್’, ಬಂದದ್ದು 1950ರಲ್ಲಿ, ಮೊದಲನೆಯದಾಗಿ. ನಾರ್ನಿಯಾವನ್ನು ಸೃಷ್ಟಿಸಿದ ಸಿಂಹ ಅಸ್ಲಾನ್ ಯಾರೆಂದು ಓದುಗರಿಗೆ ಗೊತ್ತಿಲ್ಲ ಅಂದುಕೊಂಡೇ ಅಲ್ಲಿ ಅವನ ಹೆಸರು ಬರುತ್ತದೆ. ಇದನ್ನು ಮೊದಲೇ ಓದಿದವರಿಗೆ ಆ ಜಾಗ ಸಪ್ಪೆ. ಆ ಬೀರುವಿನ ಕತೆಯಲ್ಲಿ ಕಾಡಿನ ನಡುವೆ ಒಂಟಿ ದೀಪದ ಕಂಬ ಯಾಕಪ್ಪಾ ಎಂದು ತಲೆ ಕೆಡಿಸಿಕೊಂಡಿದ್ದರಷ್ಟೇ, ಮಾಟಗಾತಿ ಜೇಡಿಸ್ ಲಂಡನ್ನಿನ ದೀಪದ ಕಂಬದಿಂದ ಕಿತ್ತ ಕಬ್ಬಿಣದ ತುಂಡು ಈ ಪುಸ್ತಕದಲ್ಲಿ ನಾರ್ನಿಯಾದ ನೆಲಕ್ಕೆ ಬಿದ್ದು ಕಂಬವಾಗಿ ಬೆಳೆಯುವಾಗ ಮಜಾ. (1957ರ ಪತ್ರವೊಂದರಲ್ಲಿ ಲೂಯಿಸ್ ಕತೆಯೊಳಗಿನ ಕಾಲಾನುಕ್ರಮದ ಕಡೆ ವಾಲಿದ್ದು ನಿಜ. ಆದರೆ ಕ್ರಮ ಅಷ್ಟೇನೂ ಮುಖ್ಯವಲ್ಲ ಎಂದೂ ಅದರಲ್ಲೇ ಇದೆ.)

ಇನ್ನೊಂದು: ಈ ಪುಸ್ತಕದ ಮಾಯಾ ಉಂಗುರಗಳಲ್ಲಿ ಹಳದಿ ಉಂಗುರ ಬೇರೆ ಲೋಕಕ್ಕೆ ಹೋಗಲು, ಹಸಿರು ವಾಪಸ್ ಬರಲು ಅಂತ ಬರೆದಿದ್ದೀರಿ. ಅದು ಉಂಗುರಗಳನ್ನು ಮಾಡಿದ ಆಂಡ್ರೂ ಮಾವನ ತಪ್ಪು ತಿಳುವಳಿಕೆ! ಹಳದಿ ಯಾವ ಲೋಕದಿಂದಾದರೂ ಲೋಕಗಳ ನಡುವಿನ, ಕೊಳಗಳಿರುವ ಕಾಡಿಗೆ ಸೆಳೆಯುತ್ತದೆ, ಹಸಿರು ಅಲ್ಲಿಂದ ಹೊರಗೆ ದಾಟಿಸುತ್ತದೆ. ಸೇರುವ ಲೋಕ ಯಾವುದು ಎಂಬುದು ಇಳಿಯುವ ಕೊಳದ ಮೇಲೆ. ಕೊಳಗಳೆಲ್ಲ ಒಂದೇ ಥರ, ಗುರುತಿಲ್ಲದಿದ್ದರೆ ಹಸಿರು ಉಂಗುರವಿದ್ದೂ ಮನೆ ಸಿಗದು. ಆಂಡ್ರೂವಿನ ಸೋದರಳಿಯ ಡಿಗರಿ ತಮ್ಮ ಲೋಕದ ಕೊಳದ ದಡದ ಹುಲ್ಲನ್ನು ಚಾಕುವಿನಿಂದ ಕೆತ್ತಿದ್ದು ಅದಕ್ಕೇ.