ತೆಂಗಿನೆಣ್ಣೆ ಬೇರೆ, ಎಂಸಿಟಿ ಎಣ್ಣೆ ಬೇರೆ

ತೆಂಗಿನೆಣ್ಣೆ ಮತ್ತು ಮರೆವಿನ ಬಗ್ಗೆ ಬಂದ ಲೇಖನವೊಂದರಲ್ಲಿ "ದಿನಕ್ಕೆರಡು ಚಮಚ ತೆಂಗಿನೆಣ್ಣೆ ಕುಡಿದರೆ ಕೀಟೋನ್ ಏರಿ ಮರೆವು ತಗ್ಗುತ್ತದೆ" ಎಂದಿದೆ. ಇದನ್ನು ತಿದ್ದಲೇಬೇಕು. ಕೀಟೋನ್ ಎಂದರೆ ಯಕೃತ್ತು ಕೊಬ್ಬಿನಿಂದ ಮಾಡುವ, ಮಿದುಳಿಗೂ ಇಂಧನವಾಗುವ ವಸ್ತು. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಅದರಿಂದ ಕೀಟೋನ್ ಹುಟ್ಟುವುದು ಕಡಿಮೆ. ಯಕೃತ್ತು ಬೇಗ ಕೀಟೋನ್ ಮಾಡುವುದು ಎಂಟು ಇಂಗಾಲದ ಕ್ಯಾಪ್ರಿಲಿಕ್ ಆಮ್ಲದಿಂದ, ಅದು ತೆಂಗಿನೆಣ್ಣೆಯಲ್ಲಿ ಶೇ. 10ಕ್ಕಿಂತ ಕಡಿಮೆ.

ಕೆನಡಾದ ಶೆರ್‌ಬ್ರೂಕ್‌ನಲ್ಲಿ ಸ್ಟೀಫನ್ ಕನ್ನೇನ್ ತಂಡ ಸೌಮ್ಯ ಮರೆವಿನವರಿಗೆ 6 ತಿಂಗಳು ಕೊಟ್ಟದ್ದು ಎಂಸಿಟಿ (ಕ್ಯಾಪ್ರಿಲಿಕ್‌ನಂಥ ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳಿಂದ ತಯಾರಿಸಿದ ಎಣ್ಣೆ): 15 ಗ್ರಾಂನಂತೆ ದಿನಕ್ಕೆರಡು ಸಲ, ಹಾಲಿನಲ್ಲಿ ಬೆರೆಸಿ. ಮಿದುಳು ಹೀರುವ ಕೀಟೋನ್ ದುಪ್ಪಟ್ಟಿಗಿಂತ ಹೆಚ್ಚಾಯಿತು, ನೆನಪಿನ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಆಲ್ಝೈಮರ್ಸ್ ರೋಗಿಗಳಿಗೆ ಇಂಥದ್ದೇ ಕೊಬ್ಬು ಕೊಟ್ಟ ದೊಡ್ಡ ಪರೀಕ್ಷೆಯೊಂದು ಮಾತ್ರ 2017ರಲ್ಲಿ ವಿಫಲವಾಯಿತು. ಕೀಟೋನ್‌ನಿಂದ ಆಯುಷ್ಯ ಹೆಚ್ಚುವ ಮಾತು ಸದ್ಯ ಇಲಿಗಳದ್ದೇ, ಮನುಷ್ಯರದ್ದಲ್ಲ.

ವೈದ್ಯರು ಒಪ್ಪಿ ಎಂಸಿಟಿ ಶುರುಮಾಡುವುದಾದರೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಊಟದ ಜೊತೆ. ನಾಲ್ಕೈದು ದಿನಕ್ಕೊಮ್ಮೆ ಏರಿಸಿ. ಖಾಲಿ ಹೊಟ್ಟೆಗೆ ಒಮ್ಮೆಗೇ 15 ಗ್ರಾಂ ಹಾಕಿದರೆ ಹೊಟ್ಟೆ ನುಲಿದು ಭೇದಿಯಾಗಬಹುದು. ಒಗ್ಗರಣೆಗೆ ಬಳಸಬೇಡಿ, ಬೇಗ ಹೊಗೆಯಾಡುತ್ತದೆ.

ಕೀಟೋನ್ ಏರಿಸಲೆಂದು ಮಾರುವ ಕೀಟೋನ್ ಲವಣದ ಹಲವು ಪುಡಿಗಳಲ್ಲಿ ಸೋಡಿಯಂ ವಿಪರೀತ. ರಕ್ತದೊತ್ತಡ, ಕಿಡ್ನಿ ತೊಂದರೆಯವರು ಬಿಟ್ಟುಬಿಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವ ಸಕ್ಕರೆ ಕಾಯಿಲೆಯವರಂತೂ ದಯವಿಟ್ಟು ಸ್ವಂತ ನಿರ್ಧಾರ ಮಾಡಬೇಡಿ. ಆ ಮಾತ್ರೆಗಳಲ್ಲಿ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋಅಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು. ವಾಂತಿ, ಏದುಸಿರು ಬಂದರೆ ಗ್ಲುಕೋಮೀಟರ್ ನಂಬಿ ಕೂರದೆ ಆಸ್ಪತ್ರೆಗೆ ಹೋಗಿ ರಕ್ತದ ಕೀಟೋನ್ ನೋಡಿಸಿ.