ಮಗುವನ್ನು ಚಿವುಟಿ ತೊಟ್ಟಿಲು ತೂಗಿದವರು

ಮತ್ತೆ ಶುರುವಾಗಿದೆ. ತ್ಸಾರನ, ಅಂದರೆ ರಷ್ಯಾದ ಚಕ್ರವರ್ತಿಯ, ಗುಪ್ತ ಪೊಲೀಸ್ ಅಧಿಕಾರಿ ಸೆರ್ಗೈ ಜುಬಾತೊವ್ ಎಂಬ ಮಹಾನುಭಾವನನ್ನು 1903ರಲ್ಲಿ ಮನೆಗೆ ಕಳುಹಿಸದೇ ಇದ್ದಿದ್ದರೆ ರಷ್ಯಾದಲ್ಲಿ ಕ್ರಾಂತಿಯೇ ಆಗುತ್ತಿರಲಿಲ್ಲವಂತೆ. ಆಗಾಗ ಯಾರಾದರೊಬ್ಬರು ಇದನ್ನು ತಾವೇ ಹೊಸದಾಗಿ ಕಂಡುಹಿಡಿದವರಂತೆ ಹೇಳುತ್ತಾರೆ. ಅಪ್ರತಿಮ ಅಧಿಕಾರಿ, ದೂರದೃಷ್ಟಿ, ಇತ್ಯಾದಿ. ಸರಿ, ನಾವೂ ಹೊಗಳೋಣ. ನಮ್ಮ ಗಂಟೇನು ಹೋಗುತ್ತದೆ?

ಹುಡುಗನಾಗಿದ್ದಾಗ ಈತ ಸರ್ಕಾರಕ್ಕೆ ಒಗ್ಗದ ಪುಸ್ತಕಗಳ ಗ್ರಂಥಾಲಯದಲ್ಲಿ ಕುಳಿತವನು. ಪೊಲೀಸರು ಕರೆಸಿ ಮಾತಾಡಿಸಿದರು. ಪುಸ್ತಕಕ್ಕೆಂದು ಬಂದ ಗೆಳೆಯರ ಹೆಸರುಗಳು ಕಡತ ಸೇರಿದವು. 1896ರ ಹೊತ್ತಿಗೆ ಮಾಸ್ಕೋದ ಗುಪ್ತ ಪೊಲೀಸ್ ವಿಭಾಗಕ್ಕೆ, ಅಂದರೆ ಓಖ್ರಾನಾಕ್ಕೆ, ಆತನೇ ಮುಖ್ಯಸ್ಥ. ಬಂಧಿತರನ್ನು ಬೈಯುತ್ತಿರಲಿಲ್ಲ, ಎದುರಿಗೆ ಕೂರಿಸಿ ಚಹಾ ಕೊಟ್ಟು ಗಂಟೆಗಟ್ಟಲೆ ಹರಟುತ್ತಿದ್ದ. ಲೋಟ ಖಾಲಿಯಾಗುವಷ್ಟರಲ್ಲಿ ಒಬ್ಬ ಹೊಸ ಮಾಹಿತಿದಾರ ಸಿದ್ಧ. ಮಾಹಿತಿದಾರನನ್ನು ಕದ್ದು ಪ್ರೀತಿಸುವ ಹೆಂಗಸಿನಂತೆ ಜೋಪಾನ ಮಾಡಬೇಕೆಂದು ಕೈಕೆಳಗಿನವರಿಗೆ ಪಾಠ ಹೇಳುತ್ತಿದ್ದನಂತೆ. ಇಷ್ಟು ಕೋಮಲ ಹೃದಯದ ಪೊಲೀಸರು ಈಗೆಲ್ಲಿ ಸಿಗುತ್ತಾರೆ?

ಆದರೆ ಈ ಪ್ರೇಮದಲ್ಲಿ ಅಪಾಯವಿದೆಯೆಂದು ಹಿಂದಿನವರ ಗತಿ ನೋಡಿದ್ದರೇ ತಿಳಿಯುತ್ತಿತ್ತು. ಪೀಟರ್ಸ್‌ಬರ್ಗ್‌ನಲ್ಲಿ ಸುದೇಯ್ಕಿನ್ ಎಂಬ ಇನ್ನೊಬ್ಬ ಚತುರ ಪೊಲೀಸ್ ಅಧಿಕಾರಿ, ದೆಗಾಯೆವ್ ಎಂಬ ಕ್ರಾಂತಿಕಾರಿಯನ್ನು ಒಲಿಸಿಕೊಂಡಿದ್ದ. 1883ರ ಡಿಸೆಂಬರ್‌ನಲ್ಲಿ ಆ ದೆಗಾಯೆವ್, ಸುದೇಯ್ಕಿನ್ ಸಾಹೇಬರನ್ನು ತನ್ನ ಮನೆಗೇ ಕರೆಸಿ, ಸಂಗಡಿಗರ ಜೊತೆ ಸೇರಿ ಮುಗಿಸಿದ. ಸರ್ಕಾರ ಅವನ ಚಿತ್ರಗಳನ್ನು ಅಂಟಿಸಿ, ಬಹುಮಾನ ಘೋಷಿಸಿ ಕಾದು ಕುಳಿತಿತು. ಆಸಾಮಿ ಅಮೆರಿಕಕ್ಕೆ ಹೋಗಿ ಹೆಸರನ್ನು ಅಲೆಕ್ಸಾಂಡರ್ ಪೆಲ್ ಎಂದು ಬದಲಿಸಿಕೊಂಡು, ಗಣಿತದಲ್ಲಿ ಡಾಕ್ಟರೇಟ್ ಪಡೆದು, ದಕ್ಷಿಣ ಡಕೋಟಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ! ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಅವನ ಹೆಸರಿನಲ್ಲಿ ವಿದ್ಯಾರ್ಥಿವೇತನವೂ ಇದೆ. ಇಡೀ ಓಖ್ರಾನಾ ಚರಿತ್ರೆಯಲ್ಲಿ ಸರಿಯಾಗಿ ಲೆಕ್ಕ ಹಾಕಿದವನು ಇವನೊಬ್ಬನೇ ಎಂದು ನನಗೆ ಅನುಮಾನ.

ಇರಲಿ, ಜುಬಾತೊವ್‌ಗೆ ಬರೋಣ. ಕಾರ್ಮಿಕರು ಕ್ರಾಂತಿಕಾರಿಗಳ ಕಡೆ ಹೋಗುತ್ತಾರೆಯೇ? ಹಾಗಾದರೆ ಪೊಲೀಸರೇ ಕಾರ್ಮಿಕ ಸಂಘ ಕಟ್ಟಲಿ ಎಂದ. ಕಟ್ಟಿದರು. 1902ರ ಫೆಬ್ರವರಿ 19ರಂದು ಸುಮಾರು 50 ಸಾವಿರ ಕಾರ್ಮಿಕರು ಕ್ರೆಮ್ಲಿನ್‌ಗೆ ಶಿಸ್ತಾಗಿ ನಡೆದು ತ್ಸಾರ್ ಎರಡನೇ ಅಲೆಕ್ಸಾಂಡರ್‌ನ ಪ್ರತಿಮೆಗೆ ನಮಿಸಿದರು. ಪೊಲೀಸರ ಸಂಘ ಕೂಲಿ ಕೇಳತೊಡಗಿದಾಗ ಗಿರಣಿ ಮಾಲೀಕರು ಪೊಲೀಸರ ಮೇಲೆ ದೂರು ಕೊಡಲು ಓಡಿದರು. ಮರುವರ್ಷ ಒಡೆಸ್ಸಾದ ಸಾರ್ವತ್ರಿಕ ಮುಷ್ಕರದಲ್ಲಿ ಈತನ ಸಂಘದವರೇ ಮುಂದೆ. ಗೃಹಮಂತ್ರಿ ಪ್ಲೇವೆಗೆ ಸಿಟ್ಟು ಬಂತು, ಜುಬಾತೊವ್ ಗಡೀಪಾರಾದ. ಆ ಪ್ಲೇವೆಯನ್ನು 1904ರಲ್ಲಿ ಬಾಂಬು ಎಸೆದು ಕೊಂದ ತಂಡದ ನಾಯಕ ಅಜೆಫ್ ಯಾರು? ಪೊಲೀಸ್ ಇಲಾಖೆಯಿಂದ ತಿಂಗಳು ತಿಂಗಳು ಸಂಬಳ ಎಣಿಸಿಕೊಳ್ಳುತ್ತಿದ್ದವನು. ಬೇಲಿ ಹೊಲ ಮೇಯ್ದ ಕಥೆ ಕೇಳಿದ್ದೇವೆ. ಇಲ್ಲಿ ಬೇಲಿಗೆ ಮೇಯಲು ಭತ್ಯೆಯೂ ಸಿಗುತ್ತಿತ್ತು.

ನಗು ಇಲ್ಲಿಗೆ ಸಾಕು. ಜುಬಾತೊವ್‌ನ ನೆರಳಿನಲ್ಲೇ ಕೆಲಸ ಶುರುಮಾಡಿದ ಪಾದ್ರಿ ಗಪೋನ್, 1905ರ ಜನವರಿ 9ರಂದು ಕಾರ್ಮಿಕರನ್ನು ಪೀಟರ್ಸ್‌ಬರ್ಗ್‌ನಲ್ಲಿ ತ್ಸಾರನ ಚಳಿಗಾಲದ ಅರಮನೆಯ ಕಡೆಗೆ ನಡೆಸಿದ. ಅವರ ಕೈಯಲ್ಲಿ ಇದ್ದದ್ದು ದೇವರ ಪಟ, ತ್ಸಾರನ ಚಿತ್ರ, ಒಂದು ಅರ್ಜಿ. ಅಪ್ಪಾಜಿ ತ್ಸಾರ್ ಕೇಳುತ್ತಾನೆ ಎಂದು ಅವರಿಗೆ ನಂಬಿಸಿದ್ದು ಯಾರು? ಸೈನಿಕರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಇದಕ್ಕೂ ದೂರದೃಷ್ಟಿ ಎನ್ನುವವರ ಜೊತೆ ವಾದಿಸಲು ನನಗೆ ತ್ರಾಣವಿಲ್ಲ.

1917ರ ಮಾರ್ಚ್‌ನಲ್ಲಿ ಊಟಕ್ಕೆ ಕುಳಿತಿದ್ದಾಗ ತ್ಸಾರ್ ಸಿಂಹಾಸನ ಬಿಟ್ಟ ಸುದ್ದಿ ಜುಬಾತೊವ್‌ಗೆ ಮುಟ್ಟಿತು. ಎದ್ದು ಪಕ್ಕದ ಕೋಣೆಗೆ ಹೋಗಿ ತನಗೆ ತಾನೇ ಗುಂಡು ಹೊಡೆದುಕೊಂಡ. ಪ್ರೊಫೆಸರ್ ಪೆಲ್ ಆಗ ಅಮೆರಿಕದಲ್ಲಿ ವಿಶ್ರಾಂತ ಜೀವನದಲ್ಲಿದ್ದರು. ಇನ್ನೂ ಮೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.